ಲಕ್ಷ ಹಾಡಿನ ಸರ್ವರ್, ಬೇಕಾದ ಹಾಡು ಮಾತ್ರ ಸಿಗಲ್ಲ

ಹೋದ ಸಂಚಿಕೆಯಲ್ಲಿ ಮನೆಯ ಹಳೇ ಕಂಪ್ಯೂಟರನ್ನೇ ಹಾಡಿನ ಸರ್ವರ್ (ಹಾಡುಗಳನ್ನೆಲ್ಲ ಒಂದು ಕಡೆ ಇಟ್ಟು ಫೋನಿಗೂ ಬೇರೆ ಕಂಪ್ಯೂಟರಿಗೂ ಕಳಿಸುವ ಯಂತ್ರ) ಮಾಡಿಕೊಳ್ಳಬಹುದು ಅಂತ ನಾಲ್ಕು ಸಾಲು ಬರೆದಿದ್ದೆ. ಅದಕ್ಕೆ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆಯವು. ನಮ್ಮ ಕಡೆ ಹಾಡು ಕೂಡಿಡುವ ಚಟ ಮೊದಲಿಂದಲೂ ಜಾಸ್ತಿ, ಹಾಗಾಗಿ ಆಶ್ಚರ್ಯ ಆಗಲಿಲ್ಲ. ಸರ್ವರ್ ಹಾಕುವುದು ಹೇಗೆ ಅಂತ ಯಾರೂ ಕೇಳಿಲ್ಲ, ಹಾಕಿದ ಮೇಲೆ ಇದನ್ನು ಏನು ಮಾಡಲಿ ಅಂತಲೇ ಎಲ್ಲರ ಪ್ರಶ್ನೆ. ಆದಷ್ಟಕ್ಕೆ ಉತ್ತರ ಕೊಡುತ್ತೇನೆ.

ಪ್ರಶ್ನೆ: ಮೂರು ಹಾರ್ಡ್ ಡಿಸ್ಕ್‌ಗಳಲ್ಲಿ ಸುಮಾರು 1,40,000 ಹಾಡಿನ ಫೈಲುಗಳಿವೆ. ದುರ್ಗದ ಬೈಲಿನಲ್ಲಿ ಕೊಂಡ ಎಂಪಿ3 ಸಿಡಿಗಳಿಂದ ಹಿಡಿದು ಗೆಳೆಯರ ಪೆನ್‌ಡ್ರೈವ್ ತನಕ ಎಲ್ಲ ಅದರಲ್ಲಿ ಸೇರಿದೆ. ಹಾಡಿನ ಸರ್ವರ್ ತಂತ್ರಾಂಶ ನ್ಯಾವಿಡ್ರೋಮ್ ಹಾಕಿದೆ, ಅದು ಎಲ್ಲ ಫೈಲು ಓದಿ ಪಟ್ಟಿ ಮಾಡುವ ಸ್ಕ್ಯಾನ್ ಮುಗಿಯಲು ಇಡೀ ರಾತ್ರಿ ಹಿಡಿಯಿತು. ಈಗ ನೋಡಿದರೆ ಭೀಮಸೇನ ಜೋಶಿಯವರು ಏಳು ಕಡೆ ಬೇರೆ ಬೇರೆ ಕಲಾವಿದರಾಗಿ ಕೂತಿದ್ದಾರೆ. ಹೆಸರಿಲ್ಲದ ಒಂದೇ ಆಲ್ಬಮ್ಮಿನಲ್ಲಿ 20,000 ಹಾಡು. ಎಲ್ಲಿಂದ ಶುರು ಮಾಡಲಿ? (ವಿದ್ಯಾನಗರ, ಹುಬ್ಬಳ್ಳಿ)

ಮೊದಲು ಒಂದು ಲೆಕ್ಕ. ಒಂದು ಹಾಡಿಗೆ 5 ನಿಮಿಷ ಅಂತ ಹಿಡಿದರೂ ನಿಮ್ಮ ಹತ್ತಿರ ಇರುವುದು 11,600 ಗಂಟೆಗೂ ಜಾಸ್ತಿ. ದಿನಕ್ಕೆ 2 ಗಂಟೆ ಕೇಳಿದರೆ ಒಂದು ಸುತ್ತು ಮುಗಿಯಲು ಹದಿನಾರು ವರ್ಷ ಬೇಕು. ಒಂದೊಂದು ಫೈಲಿನ ಹೆಸರು ಸರಿಮಾಡಲು ಒಂದೇ ನಿಮಿಷ ಸಾಕು ಅಂದುಕೊಂಡರೂ, ದಿನಾ 2 ಗಂಟೆ ಕೂತರೆ ಮೂರು ವರ್ಷದ ಕೆಲಸ. ಅಂದರೆ ಎಲ್ಲವನ್ನೂ ಸ್ವಚ್ಛ ಮಾಡುವ ಯೋಚನೆಯನ್ನು ಈಗಲೇ ಬಿಡಿ. ಅದು ಆಗುವ ಮಾತಲ್ಲ, ಆಗಬೇಕಾಗಿಯೂ ಇಲ್ಲ.

ಮಾಡಬೇಕಾದದ್ದು ಬೇರೆ ಇದೆ. ಇಡೀ ರಾಶಿಯನ್ನು ಮೂರು ಫೋಲ್ಡರ್ ಮಾಡಿ. ಮೊದಲನೆಯದು, ಜಗತ್ತಿನಲ್ಲಿ ನಿಮ್ಮ ಹತ್ತಿರ ಮಾತ್ರ ಇರುವುದು: ಮನೆಯಲ್ಲಿ ರೆಕಾರ್ಡ್ ಮಾಡಿದ ಕ್ಯಾಸೆಟ್, ಊರ ಜಾತ್ರೆಯ ಭಜನೆ, ರೇಡಿಯೋದಿಂದ ಹಿಡಿದಿಟ್ಟ ಕಛೇರಿ, ಅಜ್ಜಿಯ ಬೀಸುಕಲ್ಲಿನ ಪದ. ಎರಡನೆಯದು ನೀವೇ ಸಿಡಿಯಿಂದ ತೆಗೆದದ್ದು, ದುಡ್ಡು ಕೊಟ್ಟು ಕೊಂಡದ್ದು. ಮೂರನೆಯದು ಸಂತೆ, ಅಂದರೆ ಉಳಿದದ್ದೆಲ್ಲ. ಆ 1,40,000ದಲ್ಲಿ ಸಂತೆಯದ್ದೇ ಸಿಂಹಪಾಲು ಅಂತ ನನ್ನ ಅಂದಾಜು. ಅದನ್ನು ಅಳಿಸಬೇಡಿ, ಆದರೆ ಮುಖ್ಯ ಲೈಬ್ರರಿಯಿಂದ ಹೊರಗಿಡಿ. ನ್ಯಾವಿಡ್ರೋಮಿನ ಹೊಸ ಆವೃತ್ತಿಯಲ್ಲಿ ಒಂದಕ್ಕಿಂತ ಹೆಚ್ಚು ಲೈಬ್ರರಿ ಇಡಬಹುದು, ಸಂತೆಗೆ ಒಂದು ಪ್ರತ್ಯೇಕ ಲೈಬ್ರರಿ ಕೊಡಿ. ಅಲ್ಲಿ ಒಂದು ಹಾಡು ಕೇಳಿ ಇಷ್ಟವಾದರೆ ಆವತ್ತೇ ಅದರ ಟ್ಯಾಗ್ (ಫೈಲಿನ ಒಳಗೇ ಬರೆದಿರುವ ಕಲಾವಿದ, ಆಲ್ಬಮ್, ಶೀರ್ಷಿಕೆಯ ವಿವರ) ಸರಿಮಾಡಿ ಈಚೆಗೆ ತನ್ನಿ. ಕೇಳದ ಹಾಡಿಗೆ ಒಂದು ನಿಮಿಷವನ್ನೂ ಖರ್ಚು ಮಾಡಬೇಡಿ.

ಇನ್ನು ಏಳು ಜನ ಭೀಮಸೇನ ಜೋಶಿ. ನ್ಯಾವಿಡ್ರೋಮ್ ಫೋಲ್ಡರಿನ ಹೆಸರು ನೋಡಿ ವಿಂಗಡಿಸುವುದಿಲ್ಲ, ಫೈಲಿನ ಒಳಗೆ ಬರೆದಿರುವ ಟ್ಯಾಗ್ ನೋಡುತ್ತದೆ. ಒಂದು ಫೈಲಿನಲ್ಲಿ ಪಂಡಿತ ಅಂತ ಪೂರ್ತಿ ಇದೆ, ಇನ್ನೊಂದರಲ್ಲಿ ಪಂ. ಅಂತ ಚುಟುಕಾಗಿದೆ, ಮತ್ತೊಂದರಲ್ಲಿ ಇಂಗ್ಲಿಷ್ ಕಾಗುಣಿತದಲ್ಲಿ ಒಂದು ಇ ಜಾಸ್ತಿ, ಇನ್ನೊಂದರಲ್ಲಿ ಹೆಸರಿನ ಮುಂದೆ ಭಾರತರತ್ನ ಸೇರಿದೆ. ಯಂತ್ರಕ್ಕೆ ಇವರೆಲ್ಲ ಬೇರೆ ಬೇರೆ ಜನ. ಪಂಡಿತ, ಉಸ್ತಾದ, ವಿದುಷಿ, ಡಾಕ್ಟರ್, ಶ್ರೀ ಈ ಬಿರುದುಗಳನ್ನೆಲ್ಲ ಕಲಾವಿದರ ಹೆಸರಿನಿಂದ ತೆಗೆದುಹಾಕಿ. ಅವಮಾನವೇನೂ ಅಲ್ಲ, ಗೌರವ ಮನಸ್ಸಿನಲ್ಲಿರಲಿ. ವಿಂಡೋಸ್‌ನಲ್ಲಿ ಎಂಪಿ3ಟ್ಯಾಗ್ ಎಂಬ ತಂತ್ರಾಂಶ ಇದೆ. ಅದರಲ್ಲಿ ಸಾವಿರ ಫೈಲು ಒಟ್ಟಿಗೆ ಆರಿಸಿ ಕಲಾವಿದರ ಕಾಲಂನಲ್ಲಿ ಒಂದೇ ಹೆಸರು ತುಂಬಿಸಬಹುದು, ಬಿರುದು ಕಿತ್ತುಹಾಕುವ ನಿಯಮ ಬರೆದಿಟ್ಟುಕೊಂಡು ಮತ್ತೆ ಮತ್ತೆ ಓಡಿಸಬಹುದು.

ಕಾಗುಣಿತ ತಿದ್ದಿದ ಮಾತ್ರಕ್ಕೆ ಬಗೆಹರಿಯದ ಹೆಸರುಗಳೂ ಇವೆ. ಗಂಗೂಬಾಯಿ ಹಾನಗಲ್ (1913-2009) ಅವರ ಶುರುವಿನ 78 ಆರ್‌ಪಿಎಂ ಗ್ರಾಮಫೋನ್ ರೆಕಾರ್ಡುಗಳು ಗಾಂಧಾರಿ ಎಂಬ ಹೆಸರಿನಲ್ಲಿ ಬಂದವು. ಗೊತ್ತಿಲ್ಲದವರ ಲೈಬ್ರರಿಯಲ್ಲಿ ಗಾಂಧಾರಿ ಬೇರೆ ಗಾಯಕಿಯಾಗಿ ಉಳಿದುಬಿಡುತ್ತಾರೆ. ಹಿಂದೂಸ್ತಾನಿ ಗಾಯಕ ಸವಾಯಿ ಗಂಧರ್ವರು ಒಂದು ಕಡೆ ಬಿರುದಿನಿಂದ ಇರುತ್ತಾರೆ, ಇನ್ನೊಂದು ಕಡೆ ರಾಮಭಾವು ಕುಂದಗೋಳಕರ ಎಂಬ ನಿಜನಾಮದಲ್ಲಿ. ಇಂಥ ಕಡೆ ಕಲಾವಿದ ಎಂಬ ಟ್ಯಾಗ್‌ನಲ್ಲಿ ಒಂದೇ ಹೆಸರು ಇಟ್ಟು, ರೆಕಾರ್ಡಿನ ಮೇಲೆ ಅಚ್ಚಾದ ಹೆಸರನ್ನು ಟಿಪ್ಪಣಿ ಟ್ಯಾಗ್‌ನಲ್ಲಿ ಬರೆಯಿರಿ. ಇಲ್ಲಿ ಯಾವ ತಂತ್ರಾಂಶವೂ ನಿಮಗೆ ಸಹಾಯ ಮಾಡುವುದಿಲ್ಲ, ನಿಮ್ಮ ತಿಳಿವಳಿಕೆಯೇ ಬೇಕು. ಹುಬ್ಬಳ್ಳಿಯಲ್ಲಿ ಕೂತವರಿಗೆ ಅದು ಚಲೋ ಗೊತ್ತಿರುತ್ತದೆ.

ಆಲ್ಬಮ್ ಒಡೆದು ಹತ್ತು ತುಂಡಾಗಿದ್ದರೆ ಕಾರಣ ಬೇರೆ. ಸಿನಿಮಾ ಆಲ್ಬಮ್ಮಿನಲ್ಲಿ ಒಂದೊಂದು ಹಾಡಿಗೆ ಒಬ್ಬೊಬ್ಬ ಗಾಯಕರು ಇರುತ್ತಾರೆ, ಅಲ್ವಾ? ಆಲ್ಬಮ್ ಆರ್ಟಿಸ್ಟ್ ಎಂಬ ಟ್ಯಾಗ್ ಖಾಲಿ ಇದ್ದರೆ ಸರ್ವರ್ ಪ್ರತಿ ಗಾಯಕರಿಗೂ ಒಂದು ಆಲ್ಬಮ್ ಮಾಡಿಬಿಡುವ ಸಂಭವ ಜಾಸ್ತಿ. ಎಲ್ಲ ಹಾಡಿಗೂ ಆಲ್ಬಮ್ ಆರ್ಟಿಸ್ಟ್ ಒಂದೇ ಹಾಕಿ, ಸಂಗೀತ ನಿರ್ದೇಶಕರ ಹೆಸರಾದರೂ ಸರಿ. ಈ ಒಂದು ಟ್ಯಾಗ್ ತುಂಬಿದರೆ ಅರ್ಧ ಗೊಂದಲ ಹೋಗುತ್ತದೆ.

ಶರೀಫರ ಪದ, ವಚನ, ದಾಸರ ಪದ ಇವುಗಳಲ್ಲಿ ಸಾಮಾನ್ಯವಾಗಿ ಕಾಣುವ ತಪ್ಪು ಇನ್ನೊಂದು. ಬರೆದವರ ಹೆಸರನ್ನೇ ಕಲಾವಿದರ ಜಾಗದಲ್ಲಿ ಹಾಕಿರುತ್ತಾರೆ. ಶಿಶುನಾಳ ಶರೀಫರು ತೀರಿಕೊಂಡದ್ದು 1889ರಲ್ಲಿ, ಅವರು ಎಂಪಿ3ಯಲ್ಲಿ ಹಾಡಿರಲು ಸಾಧ್ಯವಿಲ್ಲ! ಕಂಪೋಸರ್ ಎಂಬ ಟ್ಯಾಗ್ ಇರುವುದೇ ಇದಕ್ಕೆ. ಅಲ್ಲಿ ಶರೀಫ, ಬಸವಣ್ಣ, ಅಕ್ಕಮಹಾದೇವಿ, ಪುರಂದರದಾಸ ಅಂತ ಬರೆಯಿರಿ. ಕಲಾವಿದರ ಜಾಗದಲ್ಲಿ ಹಾಡಿದವರ ಹೆಸರಿರಲಿ. ಹೀಗೆ ಮಾಡಿದರೆ ಒಂದೇ ತತ್ವಪದವನ್ನು ಬೇರೆ ಬೇರೆಯವರು ಹೇಗೆ ಹಾಡಿದ್ದಾರೆ ಅಂತ ಒಟ್ಟಿಗೆ ಕೇಳಬಹುದು, ಸರ್ವರ್ ಹಾಕಿದ್ದಕ್ಕೆ ನಿಜವಾದ ಲಾಭ ಇದು. ರಾಗದ ಹೆಸರನ್ನು ಹಾಡಿನ ಶೀರ್ಷಿಕೆಯ ಮೊದಲಲ್ಲೇ ಇಡಿ. ಮಾಲಕಂಸ, ಮಾಳಕೌಂಸ, ಮಾಲ್ಕೌನ್ಸ್ ಇವುಗಳಲ್ಲಿ ಯಾವುದಾದರೂ ಒಂದನ್ನು ಹಿಡಿದುಕೊಳ್ಳಿ, ಯಾವುದು ಅನ್ನುವುದು ಮುಖ್ಯವಲ್ಲ.

ಪಿಕಾರ್ಡ್ ಎಂಬ ತಂತ್ರಾಂಶ ತಾನೇ ಹಾಡು ಗುರುತಿಸಿ ಟ್ಯಾಗ್ ಬರೆಯುತ್ತದಂತೆ, ಅದನ್ನು ಎಲ್ಲದಕ್ಕೂ ಓಡಿಸಲಾ ಅಂತ ನಿಮ್ಮ ಪತ್ರದ ಕೊನೆಯಲ್ಲಿ ಕೇಳಿದ್ದೀರಿ. ಎಲ್ಲದಕ್ಕೂ ಬೇಡ. ಅದು ಮ್ಯೂಸಿಕ್‌ಬ್ರೇನ್ಸ್ ಎಂಬ ದತ್ತಾಂಶಕೋಶವನ್ನು ನೋಡಿ ಬರೆಯುವುದು. ಅದರಲ್ಲಿ ಯಾರೋ ಒಬ್ಬರು ತುಂಬಿಸಿದ್ದರೆ ಮಾತ್ರ ಆ ಆಲ್ಬಮ್ ಇರುತ್ತದೆ. ದೊಡ್ಡ ಕಂಪನಿಗಳ ಸಿಡಿ ಸಿಗಬಹುದು, ಆದರೆ ಗದಗಿನ ಸ್ಟುಡಿಯೋದಲ್ಲಿ ಮಾಡಿದ ರಂಗಗೀತೆಯ ಕ್ಯಾಸೆಟ್ ಅಲ್ಲಿ ಇರುವುದು ಕಷ್ಟ. ಹಾಡನ್ನು ಸರಿಯಾಗಿಯೇ ಗುರುತಿಸಿದರೂ, ಅದು ಹತ್ತು ಸಂಕಲನಗಳಲ್ಲಿ ಬಂದಿದ್ದರೆ ಯಾವುದೋ ಒಂದರ ಹೆಸರು ಬರೆದುಬಿಡುತ್ತದೆ, ಒಂದೇ ಫೋಲ್ಡರಿನ ಹಾಡುಗಳು ಹತ್ತು ಆಲ್ಬಮ್ಮಿಗೆ ಚೆದುರಿಹೋಗುತ್ತವೆ. ಒಂದು ಸಲಕ್ಕೆ ಒಂದು ಆಲ್ಬಮ್ ಕೊಟ್ಟು, ಬಂದ ಉತ್ತರವನ್ನು ಕಣ್ಣಾರೆ ನೋಡಿ ಉಳಿಸಿ.

ಸ್ಕ್ಯಾನ್ ನಿಧಾನದ ಬಗ್ಗೆ ಚುಟುಕಾಗಿ. ನ್ಯಾವಿಡ್ರೋಮಿನ ದತ್ತಾಂಶದ ಫೈಲು ವೇಗದ ಎಸ್‌ಎಸ್‌ಡಿ ಡಿಸ್ಕ್ ಮೇಲಿರಲಿ, ಹಾಡು ಮಾತ್ರ ಹಾರ್ಡ್ ಡಿಸ್ಕಿನಲ್ಲಿರಲಿ. ಮೊದಲ ಸ್ಕ್ಯಾನ್ ಮುಗಿದ ಮೇಲೆ ಬದಲಾದದ್ದನ್ನಷ್ಟೇ ನೋಡುತ್ತದೆ. ಇನ್ನೊಂದು, ಪ್ರತಿ ಹಾಡಿನ ಒಳಗೂ 3 ಎಂಬಿಯ ಮುಖಚಿತ್ರ ತುಂಬಿಸಿದ್ದರೆ 20,000 ಹಾಡಿಗೆ 60 ಜಿಬಿ ಬರೀ ಚಿತ್ರಕ್ಕೇ ಹೋಯಿತು. ಫೋಲ್ಡರಿಗೆ ಒಂದು ಚಿತ್ರ ಸಾಕು.

ಪ್ರಶ್ನೆ: ಎರಡೆರಡು ಇರುವ ಫೈಲು ಹುಡುಕುವ ತಂತ್ರಾಂಶ ಓಡಿಸಿದೆ. 11,000 ನಕಲು ಇವೆ ಅಂತ ತೋರಿಸುತ್ತಿದೆ. ಎಲ್ಲ ಆರಿಸಿ ಅಳಿಸುವ ಗುಂಡಿಯೂ ಇದೆ. ಒತ್ತಲಾ? (ಮಾಳಮಡ್ಡಿ, ಧಾರವಾಡ)

ಒತ್ತಬೇಡಿ!

ತಂತ್ರಾಂಶ ಯಾವ ಆಧಾರದ ಮೇಲೆ ನಕಲು ಅಂದಿತು ಅಂತ ಮೊದಲು ನೋಡಿ. ಫೈಲಿನ ಹ್ಯಾಶ್ (ಇಡೀ ಫೈಲಿನಿಂದ ಲೆಕ್ಕ ಹಾಕಿದ ಗುರುತಿನ ಸಂಖ್ಯೆ) ಹೊಂದಿದರೆ ಎರಡೂ ಬೈಟಿಗೆ ಬೈಟ್ ಒಂದೇ, ಒಂದನ್ನು ಅಳಿಸಲು ಅಡ್ಡಿ ಇಲ್ಲ. ಟ್ಯಾಗ್ ಹೊಂದಿದ್ದರಿಂದ ನಕಲು ಅಂದಿದ್ದರೆ ಅಪಾಯ. ಸಿನಿಮಾ ಹಾಡಿಗೆ ಆ ರೀತಿ ನಡೆದೀತು, ನಮ್ಮ ಹಿಂದೂಸ್ತಾನಿ ಸಂಗ್ರಹಕ್ಕೆ ನಡೆಯುವುದಿಲ್ಲ. ಮಲ್ಲಿಕಾರ್ಜುನ ಮನಸೂರರು ಒಂದೇ ರಾಗವನ್ನು ಒಂದೇ ಬಂದಿಶನ್ನು (ರಾಗಕ್ಕೆ ಕಟ್ಟಿದ ಹಾಡನ್ನು) ಎಷ್ಟು ಕಛೇರಿಗಳಲ್ಲಿ ಹಾಡಿಲ್ಲ? ಕಲಾವಿದರು ಅವರೇ, ಶೀರ್ಷಿಕೆ ಅದೇ, ಅವಧಿಯೂ ಹತ್ತಿರ ಹತ್ತಿರ ಇರಬಹುದು. ಯಂತ್ರದ ಕಣ್ಣಿಗೆ ಅದು ನಕಲು, ನಿಮಗೆ ಅದು ಬೇರೆಯದೇ ಸಂಜೆ. ಧ್ವನಿಯ ಬೆರಳಚ್ಚು ಹೋಲಿಸುವ ಸೌಲಭ್ಯ ಚ್ಕಾವ್ಕಾ (Czkawka) ಎಂಬ ಉಚಿತ ತಂತ್ರಾಂಶದಲ್ಲಿದೆ, ಅದು ಟ್ಯಾಗ್‌ಗಿಂತ ಎಷ್ಟೋ ನಂಬಿಕೆಯದು. ಹಾಗಿದ್ದರೂ ಶಾಸ್ತ್ರೀಯ ಸಂಗೀತದ ಫೋಲ್ಡರನ್ನು ಪಟ್ಟಿಯಿಂದ ಹೊರಗಿಟ್ಟು, ಮೊದಲು ಸಂತೆಯ ಮೇಲೆ ಓಡಿಸಿ ನೋಡಿ.

ಎರಡರಲ್ಲಿ ಯಾವುದನ್ನು ಉಳಿಸಬೇಕು ಅನ್ನುವುದೂ ಸುಲಭವಲ್ಲ. ದೊಡ್ಡ ಫೈಲೇ ಒಳ್ಳೆಯದು ಅಂತ ಜನ ಅಂದುಕೊಳ್ಳುತ್ತಾರೆ. 128 ಕೆಬಿಪಿಎಸ್ (ಸೆಕೆಂಡಿಗೆ ಎಷ್ಟು ಕಿಲೋಬಿಟ್ ಎಂಬ ಅಳತೆ) ಎಂಪಿ3ಯನ್ನೇ ಯಾರೋ 320ಕ್ಕೆ ಪರಿವರ್ತಿಸಿರಬಹುದು, ಗಾತ್ರ ಎರಡೂವರೆ ಪಟ್ಟಾಗುತ್ತದೆ, ಧ್ವನಿ ಮೊದಲಿಗಿಂತ ಸ್ವಲ್ಪ ಕೆಡುತ್ತದೆ. ಸ್ಪೆಕ್ ಎಂಬ ಪುಟ್ಟ ತಂತ್ರಾಂಶದಲ್ಲಿ ತೆರೆದರೆ ಧ್ವನಿಯ ಚಿತ್ರ ಕಾಣುತ್ತದೆ. ಮೇಲ್ಭಾಗ 16 ಕಿಲೋಹರ್ಟ್ಸ್ ಹತ್ತಿರ ಕತ್ತರಿಸಿದಂತೆ ಕಂಡರೆ ಮೂಲ 128 ಇರಬಹುದು ಅಂತ ಅನುಮಾನ ಪಡಿ. ಆದರೆ ಈ ಪರೀಕ್ಷೆಯನ್ನು ಹಳೇ ರೆಕಾರ್ಡಿಂಗ್ ಮೇಲೆ ಮಾಡಬೇಡಿ. 78 ಆರ್‌ಪಿಎಂ ತಟ್ಟೆಯಲ್ಲಾಗಲಿ ಮೀಡಿಯಂ ವೇವ್ ರೇಡಿಯೋದಲ್ಲಾಗಲಿ ಅಷ್ಟು ಎತ್ತರದ ಧ್ವನಿ ಮೊದಲೇ ಇರುವುದಿಲ್ಲ. ಎಫ್‌ಎಂ ಪ್ರಸಾರವೂ 15 ಕಿಲೋಹರ್ಟ್ಸ್‌ಗೆ ನಿಲ್ಲುತ್ತದೆ. ಇವುಗಳಲ್ಲಿ ಮೇಲೆ ಖಾಲಿ ಕಂಡರೆ ಅದು ಆ ಕಾಲದ ಗುಣ.

ಪ್ರಶ್ನೆ: ಅಪ್ಪ ಧಾರವಾಡ ಆಕಾಶವಾಣಿಯಿಂದ ರೆಕಾರ್ಡ್ ಮಾಡಿದ ಕಛೇರಿಗಳು, ನಮ್ಮೂರ ಪುರಾಣ ಪ್ರವಚನ, ಮದುವೆ ಮನೆಯ ಸೋಬಾನೆ, ಹೀಗೆ ನೂರರಷ್ಟು ಕ್ಯಾಸೆಟ್ ಇವೆ. ಇವನ್ನು ಸರ್ವರಿಗೆ ಹಾಕುವುದು ಹೇಗೆ? ಎಂಪಿ3 ಮಾಡಿದರೆ ಸಾಕಾ? (ಗದಗ)

ಈ ಸಲ ಬಂದ ಪತ್ರಗಳಲ್ಲಿ ನಿಮ್ಮದನ್ನೇ ಮೊದಲು ಹಾಕಬೇಕಿತ್ತು. ಉಳಿದವರ ಡಿಸ್ಕ್ ನಾಳೆ ಸುಟ್ಟುಹೋದರೂ ಅದರಲ್ಲಿದ್ದ ಬಹುಪಾಲು ಎಲ್ಲಾದರೂ ಸಿಗುತ್ತದೆ, ನಿಮ್ಮ ಪೆಟ್ಟಿಗೆಯದ್ದು ಸಿಗುವುದಿಲ್ಲ. ಧಾರವಾಡ ಆಕಾಶವಾಣಿ ಶುರುವಾದದ್ದು 1950ರಲ್ಲಿ. ಅಲ್ಲಿಂದ ಪ್ರಸಾರವಾದದ್ದೆಲ್ಲ ಎಲ್ಲೋ ಕಾಪಾಡಿಟ್ಟಿರುತ್ತಾರೆ ಅನ್ನುವ ಭರವಸೆಯ ಮೇಲೆ ಕೂರಬೇಡಿ.

ಎಂಪಿ3 ಬೇಡ, ಫ್ಲ್ಯಾಕ್ ಮಾಡಿ. ಫ್ಲ್ಯಾಕ್ ಫೈಲು ಗಾತ್ರ ಕಡಿಮೆ ಮಾಡುತ್ತದೆ, ಆದರೆ ಧ್ವನಿಯಲ್ಲಿ ಏನನ್ನೂ ಬಿಸಾಡುವುದಿಲ್ಲ. 24 ಬಿಟ್, 48 ಕಿಲೋಹರ್ಟ್ಸ್‌ನಲ್ಲಿ ರೆಕಾರ್ಡ್ ಮಾಡಿದರೆ ಒಂದು ಗಂಟೆಗೆ ಸುಮಾರು 1 ಜಿಬಿ ಆಗುತ್ತದೆ, ಫ್ಲ್ಯಾಕ್ ಮಾಡಿದ ಮೇಲೆ ಅದಕ್ಕೂ ಕಡಿಮೆ. ನಿಮ್ಮ ನೂರೂ ಕ್ಯಾಸೆಟ್ ಸಿ-90 ಅಂತ ಹಿಡಿಯೋಣ, ಒಂದರಲ್ಲಿ ಒಂದೂವರೆ ಗಂಟೆ, ಒಟ್ಟು 150 ಗಂಟೆ. 150 ಜಿಬಿ ಮೀರುವುದಿಲ್ಲ. ಇವತ್ತಿನ ಡಿಸ್ಕಿನಲ್ಲಿ ಅದು ಒಂದು ಮೂಲೆ ಅಷ್ಟೇ, ಜಿಪುಣತನ ಮಾಡುವ ಜಾಗ ಇದಲ್ಲ.

ಪ್ಲೇಯರ್ ಚೆನ್ನಾಗಿರುವುದು ಬಹಳ ಮುಖ್ಯ. ಟೇಪು ಮುಟ್ಟುವ ಹೆಡ್ಡನ್ನು ಹತ್ತಿಯಲ್ಲಿ ಐಸೊಪ್ರೊಪೈಲ್ ಆಲ್ಕೋಹಾಲ್ ಅದ್ದಿ ಒರೆಸಿ, ನಾಲ್ಕಾರು ಕ್ಯಾಸೆಟ್ಟಿಗೊಮ್ಮೆ ಮತ್ತೆ ಒರೆಸಿ. ಹೆಡ್ಡಿನ ಪಕ್ಕದಲ್ಲಿ ಒಂದು ಸಣ್ಣ ತಿರುಪು ಇರುತ್ತದೆ. ರೆಕಾರ್ಡ್ ಮಾಡಿದ ಯಂತ್ರ ಬೇರೆ, ಈಗ ನುಡಿಸುವ ಯಂತ್ರ ಬೇರೆ ಆದಾಗ ಹೆಡ್ಡಿನ ಕೋನ ಹೊಂದದೆ ಧ್ವನಿ ಮಂಕಾಗಿ ಕೇಳುತ್ತದೆ. ತಂಬೂರಿಯ ಝೇಂಕಾರ ಸ್ಪಷ್ಟ ಆಗುವ ತನಕ ಆ ತಿರುಪನ್ನು ಕೂದಲೆಳೆಯಷ್ಟು ಆಚೀಚೆ ತಿರುಗಿಸಿ. ಎಷ್ಟೋ ಜನ ಇದು ಗೊತ್ತಿಲ್ಲದೆ ಟೇಪೇ ಹಾಳಾಗಿದೆ ಅಂತ ತೀರ್ಮಾನಿಸುತ್ತಾರೆ. ಪ್ಲೇಯರಿನ ಹೆಡ್‌ಫೋನ್ ತೂತಿನಿಂದ ಲ್ಯಾಪ್‌ಟಾಪಿನ ಮೈಕ್ ತೂತಿಗೆ ವೈರು ಹಾಕಬೇಡಿ, ಧ್ವನಿ ಒಡೆಯುತ್ತದೆ. ಯುಎಸ್‌ಬಿ ಆಡಿಯೋ ಇಂಟರ್‌ಫೇಸ್ ಒಂದು ತಗೊಳ್ಳಿ, ಲೈನ್ ಇನ್‌ಗೆ ಕೊಡಿ. ಆಡಾಸಿಟಿ ಉಚಿತ, ಅದರಲ್ಲೇ ರೆಕಾರ್ಡ್ ಆಗುತ್ತದೆ. ಮಟ್ಟ ಎಲ್ಲೂ ಸೊನ್ನೆ ಡೆಸಿಬಲ್ ಮುಟ್ಟದಂತೆ ಸ್ವಲ್ಪ ಕೆಳಗೇ ಇರಲಿ. ಟೇಪಿನ ಮೇಲೆ ಬಿಳಿ ಬೂಷ್ಟು ಕಂಡರೆ ಆ ಕ್ಯಾಸೆಟ್ ಪ್ಲೇಯರಿಗೆ ಹಾಕಬೇಡಿ, ಹೆಡ್ಡಿನ ಮೂಲಕ ಅದು ಬೇರೆ ಕ್ಯಾಸೆಟ್ಟಿಗೂ ಹತ್ತುತ್ತದೆ.

ಆಮೇಲೆ ಸುಮ್ನೆ ಇರಿ! ಸೊಂಯ್ ಅನ್ನುವ ಸದ್ದು ತೆಗೆಯುವ ಆಸೆ ಎಲ್ಲರಿಗೂ ಬರುತ್ತದೆ. ತೆಗೆಯಬಹುದು, ಆದರೆ ಅದು ಇನ್ನೊಂದು ಪ್ರತಿಯಲ್ಲಿ. ಮೂಲ ರೆಕಾರ್ಡಿಂಗನ್ನು ಹಾಗೇ ಇಡಿ. ವಿಲಂಬಿತ್ (ನಿಧಾನ ಲಯದ ಹಾಡಿಕೆ) ನಡುವೆ ಕ್ಯಾಸೆಟ್ ಮಗುಚಿದ ಜಾಗ ಇದ್ದರೂ ಹಾಗೇ ಇರಲಿ. ಕಛೇರಿಯ ಮೊದಲು ಕೊನೆಗೆ ಬರುವ ಉದ್ಘೋಷಕರ ಮಾತನ್ನು ಅನಗತ್ಯ ಅಂತ ಕತ್ತರಿಸುವವರಿದ್ದಾರೆ, ದಯವಿಟ್ಟು ಬೇಡ. ತಬಲಾ ಯಾರು, ಹಾರ್ಮೋನಿಯಂ ಯಾರು, ರಾಗ ಯಾವುದು ಅಂತ ಅವರೇ ಹೇಳಿರುತ್ತಾರೆ. ಟ್ಯಾಗ್‌ಗೆ ಬೇಕಾದದ್ದೆಲ್ಲ ಆ ಅರ್ಧ ನಿಮಿಷದಲ್ಲಿದೆ. ಕ್ಯಾಸೆಟ್ಟಿನ ಕಾಗದದ ಮೇಲೆ ಅಪ್ಪ ಬರೆದ ತಾರೀಖು, ಹೆಸರು ಎಲ್ಲ ಫೋಟೋ ತೆಗೆದು ಅದೇ ಫೋಲ್ಡರಿಗೆ ಹಾಕಿ. ಮುಖಚಿತ್ರವಾಗಿ ಅದೇ ಕಾಣುತ್ತದೆ, ಬೇರೆ ಯಾವ ಚಿತ್ರವೂ ಅಷ್ಟು ಚೆಂದ ಇರಲಿಕ್ಕಿಲ್ಲ. ಸೋಬಾನೆ ಹಾಡಿದವರು ಯಾರು ಅಂತ ಮನೆಯ ಹಿರಿಯರನ್ನು ಈಗಲೇ ಕೂರಿಸಿಕೊಂಡು ಕೇಳಿ ಬರೆದುಕೊಳ್ಳಿ. ಟ್ಯಾಗ್ ಆಮೇಲೆ ತುಂಬಬಹುದು, ಹೇಳುವವರು ಆಮೇಲೆ ಸಿಗುತ್ತಾರೆ ಅನ್ನುವಂತಿಲ್ಲ.

ಪ್ರಶ್ನೆ: ಎಲ್ಲ ಫೈಲಿಗೂ ಕನ್ನಡದಲ್ಲೇ ಹೆಸರಿಟ್ಟಿದ್ದೇನೆ. ವಿಂಡೋಸ್‌ನಿಂದ ಲಿನಕ್ಸ್ ಸರ್ವರಿಗೆ ನಕಲು ಮಾಡುವಾಗ ಕೆಲವು ಮಾತ್ರ ಹೆಸರು ಉದ್ದವಾಯಿತು ಅಂತ ನಿಂತುಬಿಡುತ್ತವೆ. ಅಷ್ಟೇನೂ ಉದ್ದ ಇಲ್ಲ. ಇನ್ನು ಕೆಲವು ಫೈಲುಗಳ ಹೆಸರು ಪೌಂಡ್ ಚಿಹ್ನೆ, ಗೀರು, ಚುಕ್ಕೆ ಅಂತ ಕಾಣುತ್ತದೆ. (ರಾಣೆಬೆನ್ನೂರು)

ಎರಡು ಬೇರೆ ಸಮಸ್ಯೆ. ಲಿನಕ್ಸಿನಲ್ಲಿ ಸಾಮಾನ್ಯವಾಗಿ ಬಳಸುವ ಇಎಕ್ಸ್‌ಟಿ4 ಎಂಬ ಫೈಲು ಇಡುವ ವ್ಯವಸ್ಥೆಯಲ್ಲಿ ಫೈಲಿನ ಹೆಸರು 255 ಬೈಟ್ ಮೀರುವಂತಿಲ್ಲ. ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟ್, ಕನ್ನಡದ ಪ್ರತಿ ಸಂಕೇತಕ್ಕೆ ಮೂರು. ಅಂದರೆ 85 ಸಂಕೇತಕ್ಕೆ ಮಿತಿ ಮುಗಿಯಿತು. ಒತ್ತಕ್ಷರ ಬರೆಯಲು ಎರಡು ವ್ಯಂಜನ, ನಡುವೆ ಒಂದು ವಿರಾಮ ಚಿಹ್ನೆ, ಮೇಲೆ ಸ್ವರ ಚಿಹ್ನೆ ಎಲ್ಲ ಸೇರುತ್ತವೆ, ಕಣ್ಣಿಗೆ ಕಾಣುವ ಒಂದು 'ಸ್ತ್ರೀ'ಯಲ್ಲೇ ಆರು ಸಂಕೇತ, 18 ಬೈಟ್. ವಿಂಡೋಸ್‌ನ ಎನ್‌ಟಿಎಫ್‌ಎಸ್ ಬೈಟ್ ಎಣಿಸುವುದಿಲ್ಲ, ಆದ್ದರಿಂದ ಅಲ್ಲಿ ನಡೆದದ್ದು ಇಲ್ಲಿ ನಡೆಯಲಿಲ್ಲ. ಪರಿಹಾರ ಸರಳ. ಫೈಲಿಗೆ ಚಿಕ್ಕ ಹೆಸರು, ಉದ್ದದ್ದೆಲ್ಲ ಟ್ಯಾಗ್ ಒಳಗೆ. ಅಲ್ಲಿ ಈ ಮಿತಿ ಇಲ್ಲ.

ಪೌಂಡ್ ಚಿಹ್ನೆಯವು ನುಡಿ, ಬರಹ ಕಾಲದ ಹಳೇ ಫಾಂಟುಗಳಲ್ಲಿ ಬರೆದವು, ಎಲ್ಲ ಕಂಪ್ಯೂಟರಿಗೂ ಅರ್ಥವಾಗುವ ಯುನಿಕೋಡ್ ಅಲ್ಲ. ಆ ಹೆಸರುಗಳ ಪಟ್ಟಿಯನ್ನು ನಕಲು ಮಾಡಿ ನುಡಿಯಿಂದ ಯುನಿಕೋಡಿಗೆ ಬದಲಿಸುವ ಪರಿವರ್ತಕಕ್ಕೆ ಕೊಡಿ, ಬಂದದ್ದನ್ನು ಮತ್ತೆ ಹೆಸರಾಗಿ ಇಡಿ. ಒಂದು ವೇಳೆ ಟ್ಯಾಗ್ ಒಳಗಿನ ಹೆಸರು 30 ಅಕ್ಷರಕ್ಕೆ ತುಂಡಾಗಿದ್ದರೆ ಅದು ಎಂಪಿ3ಗೆ ಬಳಸುವ ಹಳೇ ಐಡಿ3 ಟ್ಯಾಗಿನ ಮೊದಲ ಆವೃತ್ತಿಯ ಮಿತಿ, ಕಳೆದುಹೋದ ಬಾಲ ವಾಪಸ್ ಬರುವುದಿಲ್ಲ.

ನೀವು ಕೇಳದ ಇನ್ನೊಂದನ್ನೂ ಹೇಳಿಬಿಡುತ್ತೇನೆ. ಯುನಿಕೋಡಿನಲ್ಲಿ ದೀರ್ಘ 'ಕೀ'ಯನ್ನು ಎರಡು ರೀತಿ ಬರೆಯಬಹುದು, ಇಡೀ ದೀರ್ಘದ ಚಿಹ್ನೆ ಒಂದೇ ಆಗಿ, ಇಲ್ಲವೇ ಹ್ರಸ್ವದ ಗುಡಿಸು ಮತ್ತು ದೀರ್ಘದ ಗುರುತು ಎರಡಾಗಿ. ಕೇ, ಕೈ, ಕೊ, ಕೋಗಳದ್ದೂ ಇದೇ ಕಥೆ. ಕಣ್ಣಿಗೆ ಒಂದೇ, ಕಂಪ್ಯೂಟರಿಗೆ ಬೇರೆ. ಹಳೇ ಮ್ಯಾಕ್ ಕಂಪ್ಯೂಟರ್‌ಗಳು ಫೈಲಿನ ಹೆಸರನ್ನು ಒಡೆದೇ ಇಡುತ್ತಿದ್ದವು. ಹುಡುಕಿದಾಗ ಇರುವ ಹಾಡೇ ಸಿಗದಿದ್ದರೆ ಇದನ್ನು ಅನುಮಾನಿಸಿ. ಕಾನ್ವ್‌ಎಂವಿ ಎಂಬ ಲಿನಕ್ಸ್ ಉಪಕರಣ ಫೈಲಿನ ಹೆಸರುಗಳನ್ನು ಒಂದೇ ರೂಪಕ್ಕೆ ತರುತ್ತದೆ.

ಪ್ರಶ್ನೆ: ಎಲ್ಲ ಎಂಪಿ3ಗಳನ್ನೂ ಫ್ಲ್ಯಾಕ್‌ಗೆ ಬದಲಿಸಿದರೆ ಧ್ವನಿ ಸುಧಾರಿಸುತ್ತದಾ? (ನವನಗರ, ಹುಬ್ಬಳ್ಳಿ)

ಇಲ್ಲ. ಡಿಸ್ಕ್ ತುಂಬುತ್ತದೆ, ಅಷ್ಟೇ.

ಪ್ರಶ್ನೆ: ಸರ್ವರ್ ಧಾರವಾಡದ ಮನೆಯಲ್ಲಿದೆ, ನಾನು ಬೆಂಗಳೂರಿನಲ್ಲಿ ಓದುತ್ತಿದ್ದೇನೆ. ರೂಟರಿನಲ್ಲಿ ಪೋರ್ಟ್ (ಹೊರಗಿನಿಂದ ಒಳಗೆ ಬರುವ ಬಾಗಿಲು) ತೆರೆದರೂ ಹೊರಗಿನಿಂದ ಸಿಗುತ್ತಿಲ್ಲ. (ಸಪ್ತಾಪುರ, ಧಾರವಾಡ)

ನಿಮ್ಮ ಮನೆಯ ಬ್ರಾಡ್‌ಬ್ಯಾಂಡ್ ಸೇವೆ ನೂರಾರು ಮನೆಗೆ ಒಂದೇ ಸಾರ್ವಜನಿಕ ವಿಳಾಸ ಹಂಚಿರಬಹುದು, ಆಗ ಪೋರ್ಟ್ ತೆರೆದರೂ ಉಪಯೋಗ ಇಲ್ಲ. ತೆರೆಯದಿರುವುದೇ ಕ್ಷೇಮ ಅನ್ನಿ, ತೆರೆದದ್ದನ್ನು ಮುಚ್ಚಿಬಿಡಿ. ಟೇಲ್‌ಸ್ಕೇಲ್ ಎಂಬುದನ್ನು ಸರ್ವರಿನಲ್ಲೂ ಫೋನಿನಲ್ಲೂ ಹಾಕಿ, ಒಂದೇ ಖಾತೆಯಿಂದ ಒಳಗೆ ಬನ್ನಿ. ಎರಡರ ನಡುವೆ ಗುಪ್ತ ದಾರಿ ತಾನೇ ಮಾಡಿಕೊಳ್ಳುತ್ತದೆ, ಹೊರಗಿನವರಿಗೆ ನಿಮ್ಮ ಸರ್ವರ್ ಕಾಣುವುದೇ ಇಲ್ಲ.

ಮೊಬೈಲ್ ಡೇಟಾದ ಮೇಲೆ ಫ್ಲ್ಯಾಕ್ ಹಾಗೇ ಎಳೆಯಬೇಡಿ. ಸಿಡಿ ಗುಣಮಟ್ಟದ್ದು ಗಂಟೆಗೆ 300 ಎಂಬಿ ದಾಟುವುದು ಸಾಮಾನ್ಯ. ನ್ಯಾವಿಡ್ರೋಮಿಗೆ ಈ ಫೋನಿಗೆ ಗಾತ್ರ ತಗ್ಗಿಸುವ ಓಪಸ್ ರೂಪದಲ್ಲಿ 96 ಕೆಬಿಪಿಎಸ್ ಕಳಿಸು ಅಂತ ಹೇಳಿದರೆ ಗಂಟೆಗೆ 43 ಎಂಬಿಯಲ್ಲಿ ಮುಗಿಯುತ್ತದೆ, ಬಸ್ಸಿನ ಸದ್ದಿನಲ್ಲಿ ವ್ಯತ್ಯಾಸ ತಿಳಿಯುವುದಿಲ್ಲ. ಊರಿಗೆ ಬರುವ ರೈಲಿನಲ್ಲಿ ಸಿಗ್ನಲ್ ನಂಬಬೇಡಿ, ಹೊರಡುವ ಮುಂಚೆ ಆಪಿನಲ್ಲೇ ನಾಲ್ಕು ಆಲ್ಬಮ್ ಇಳಿಸಿಕೊಳ್ಳಿ. ಆಂಡ್ರಾಯ್ಡ್‌ನಲ್ಲಿ ಸಿಂಫೋನಿಯಂ ಚೆನ್ನಾಗಿದೆ, ದುಡ್ಡು ಕೊಡಬೇಕು. ಅಲ್ಟ್ರಾಸಾನಿಕ್ ಉಚಿತ. ಐಫೋನಿಗೆ ಆಂಪರ್ಫಿ ಇದೆ.

ಪ್ರಶ್ನೆ: ಊರಿನ ಭಜನಾ ಮಂಡಳಿಯವರಿಗೆಲ್ಲ ನನ್ನ ಸರ್ವರಿನ ಪಾಸ್‌ವರ್ಡ್ ಕೊಡಬಹುದಾ? ಕಾನೂನಿನ ತೊಂದರೆ ಇದೆಯಾ? (ಶಿಗ್ಗಾಂವಿ)

ಸ್ವಂತ ಬಳಕೆ ಬೇರೆ, ಊರಿಗೆಲ್ಲ ಹಂಚುವುದು ಬೇರೆ. ನಮ್ಮ 1957ರ ಹಕ್ಕುಸ್ವಾಮ್ಯ ಕಾಯ್ದೆಯ ಪ್ರಕಾರ ಧ್ವನಿಮುದ್ರಣದ ಹಕ್ಕು ಪ್ರಕಟವಾದ ಮುಂದಿನ ವರ್ಷದಿಂದ 60 ವರ್ಷ ಇರುತ್ತದೆ. 1960ರಲ್ಲಿ ಬಂದ ರೆಕಾರ್ಡಿನದ್ದು 2020ರ ಕೊನೆಗೆ ಮುಗಿಯಿತು. ಅದು ಮುದ್ರಣದ ಹಕ್ಕು ಮಾತ್ರ, ಸಾಹಿತ್ಯ ಮತ್ತು ರಾಗಸಂಯೋಜನೆಯದ್ದು ಬೇರೆಯೇ ಲೆಕ್ಕ, ಬರೆದವರು ತೀರಿಕೊಂಡ ಮೇಲೆ 60 ವರ್ಷ. ಶರೀಫರ ಸಾಹಿತ್ಯಕ್ಕೆ ಈಗ ಯಾರ ಹಕ್ಕೂ ಇಲ್ಲ, ಅದಕ್ಕೆ ಇತ್ತೀಚೆಗೆ ಯಾರೋ ಹೊಸ ಧಾಟಿ ಹಾಕಿದ್ದರೆ ಆ ಧಾಟಿಗೆ ಇದೆ. ಮಂಡಳಿಯವರೇ ಹಾಡಿ ನೀವೇ ರೆಕಾರ್ಡ್ ಮಾಡಿದ ಹಳೇ ಪದಗಳಿದ್ದರೆ, ಅವರ ಒಪ್ಪಿಗೆ ತಗೊಂಡು ಅದಕ್ಕೊಂದು ಪ್ರತ್ಯೇಕ ಲೈಬ್ರರಿ ಮಾಡಿ ಅದನ್ನಷ್ಟೇ ಅವರಿಗೆ ತೆರೆಯಿರಿ. ಅವರಿಗೆ ನಿಜಕ್ಕೂ ಬೇಕಾಗಿರುವುದೂ ಅದೇ ಇರಬಹುದು.

ಪ್ರಶ್ನೆ: ಎರಡು ಡಿಸ್ಕಿಗೆ ರೇಡ್ 1 (ಎರಡರಲ್ಲೂ ಒಂದೇ ದತ್ತಾಂಶ ಇರುವ ಜೋಡಣೆ) ಹಾಕಿದ್ದೇನೆ, ಇನ್ನು ಬ್ಯಾಕಪ್ ಬೇಕಾ? ದಿನವಿಡೀ ಓಡಿದರೆ ಕರೆಂಟ್ ಬಿಲ್ ಎಷ್ಟು? ಮಳೆಗಾಲದ ಮುಂಚೆ ಗುಡುಗು ಸಿಡಿಲಿಗೆ ದಿನಾ ಲೈಟ್ ಹೋಗುತ್ತದೆ. (ಬೆಟಗೇರಿ, ಗದಗ)

ಬೇಕು. ರೇಡ್ 1 ಒಂದು ಡಿಸ್ಕ್ ಸತ್ತರೆ ಕಾಪಾಡುತ್ತದೆ. ನೀವು ತಪ್ಪಿ ಒಂದು ಫೋಲ್ಡರ್ ಅಳಿಸಿದರೆ ಎರಡೂ ಡಿಸ್ಕಿನಲ್ಲಿ ಅದೇ ಕ್ಷಣ ಅಳಿಯುತ್ತದೆ, ಸಿಡಿಲು ಬಡಿದರೆ ಎರಡೂ ಒಟ್ಟಿಗೆ ಹೋಗುತ್ತವೆ. ಆ ಎರಡನೇ ಡಿಸ್ಕನ್ನು ರೇಡ್‌ನಿಂದ ಬಿಡಿಸಿ ಬ್ಯಾಕಪ್ ಮಾಡಿಕೊಂಡರೆ ಮನೆಯ ಸರ್ವರಿಗೆ ಅದೇ ಹೆಚ್ಚು ಉಪಯೋಗ ಅಂತ ನನ್ನ ಅಭಿಪ್ರಾಯ. ಹಾಡು ಒಂದೆರಡು ಗಂಟೆ ನಿಂತರೆ ಯಾರಿಗೂ ನಷ್ಟವಿಲ್ಲವಲ್ಲ. ಬದಲಾದ ಫೈಲು ಮಾತ್ರ ನಕಲು ಮಾಡುವ ಆರ್‌ಸಿಂಕ್ ವಾರಕ್ಕೊಮ್ಮೆ ಓಡಿಸಿದರೆ ಸಾಕು, ನ್ಯಾವಿಡ್ರೋಮಿನ ದತ್ತಾಂಶದ ಫೈಲನ್ನೂ ಸೇರಿಸಿ, ನಿಮ್ಮ ಪ್ಲೇಲಿಸ್ಟ್ ಎಲ್ಲ ಅದರಲ್ಲೇ ಇರುವುದು. ಜಗತ್ತಿನಲ್ಲಿ ನಿಮ್ಮ ಹತ್ತಿರ ಮಾತ್ರ ಇರುವ ಫೋಲ್ಡರಿನ ಇನ್ನೊಂದು ಪ್ರತಿ ಬೇರೆ ಊರಿನ ನೆಂಟರ ಮನೆಯಲ್ಲಿರಲಿ, ಹುಬ್ಬಳ್ಳಿಯಲ್ಲೋ ಕೊಪ್ಪಳದಲ್ಲೋ. ಫ್ಲ್ಯಾಕ್ ಫೈಲಿನ ಒಳಗೇ ಅದರ ಧ್ವನಿಯ ಎಂಡಿ5 ಎಂಬ ಹ್ಯಾಶ್ ಗುರುತು ಇರುತ್ತದೆ. ವರ್ಷಕ್ಕೊಮ್ಮೆ ಫ್ಲ್ಯಾಕ್ ಪರೀಕ್ಷೆ ಓಡಿಸಿದರೆ ಯಾವ ಫೈಲು ಕೆಟ್ಟಿದೆ ಅಂತ ಅದೇ ಹೇಳುತ್ತದೆ. ಎಂಪಿ3ಗೆ ಆ ಅನುಕೂಲ ಇಲ್ಲ.

ಬಿಲ್ಲಿನ ಲೆಕ್ಕ ಹೀಗೆ. ಕಚೇರಿಗಳಿಂದ ಹೊರಬರುವ ಸೆಕೆಂಡ್ ಹ್ಯಾಂಡ್ ಮಿನಿ ಕಂಪ್ಯೂಟರ್ ಸರಾಸರಿ 15 ವ್ಯಾಟ್ ತಿಂದರೆ ತಿಂಗಳಿಗೆ 11 ಯೂನಿಟ್ ಒಳಗೇ. ದೊಡ್ಡ ಹಳೇ ಡೆಸ್ಕ್‌ಟಾಪ್ 60 ವ್ಯಾಟ್ ತಿಂದರೆ 43 ಯೂನಿಟ್. ಕರೆಂಟ್ ಹೋದಾಗ ದತ್ತಾಂಶ ಕೆಡುವುದು ತಪ್ಪಬೇಕಾದರೆ ಒಂದು ಸಣ್ಣ ಯುಪಿಎಸ್ ಬೇಕು, ಯುಎಸ್‌ಬಿ ವೈರು ಇರುವಂಥದ್ದು. ಬ್ಯಾಟರಿ ಇಳಿಯುತ್ತಾ ಬಂದಾಗ ಸರ್ವರ್ ತಾನೇ ಸರಿಯಾಗಿ ಮುಚ್ಚಿಕೊಳ್ಳುವಂತೆ ಲಿನಕ್ಸಿನಲ್ಲಿ ನಟ್ ಎಂಬ ತಂತ್ರಾಂಶದಿಂದ ಮಾಡಬಹುದು. ಗುಡುಗು ಜೋರಾಗಿದ್ದರೆ ಪ್ಲಗ್ಗಿನ ಜೊತೆ ಬ್ರಾಡ್‌ಬ್ಯಾಂಡಿನ ತಾಮ್ರದ ವೈರನ್ನೂ ಕೀಳಿ, ಸಿಡಿಲು ಆ ದಾರಿಯಿಂದಲೂ ಬರುತ್ತದೆ. ಏಪ್ರಿಲ್-ಮೇ ಬಿಸಿಲಿನಲ್ಲಿ ಸರ್ವರನ್ನು ತಗಡಿನ ಕಪಾಟಿನಲ್ಲಿ ಮುಚ್ಚಿಡಬೇಡಿ.

ಪ್ರಶ್ನೆ: ಅಮ್ಮನಿಗೆ ಆಪ್ ಎಲ್ಲ ಆಗುವುದಿಲ್ಲ. ರೇಡಿಯೋ ಥರ ಗುಂಡಿ ಒತ್ತಿದರೆ ಹಾಡಬೇಕು. (ಲಕ್ಷ್ಮೇಶ್ವರ)

ಹಳೇ ಫೋನ್ ಒಂದಕ್ಕೆ ಸ್ಪೀಕರ್ ಜೋಡಿಸಿ. ಅವರಿಗೆ ಬೇಕಾದ ಮೂವತ್ತು ನಲವತ್ತು ಹಾಡಿನ ಒಂದು ಪ್ಲೇಲಿಸ್ಟ್ ಮಾಡಿ ಅದರಲ್ಲೇ ಇಳಿಸಿಡಿ, ಆಪಿನ ಪ್ಲೇ ಗುಂಡಿಯನ್ನು ವಿಜೆಟ್ ಆಗಿ ಮುಖಪರದೆಯ ತುಂಬ ಇಡಿ. ಹಾಡು ಯಾವುದು ಅಂತ ನೀವೇ ಆರಿಸಬೇಡಿ, ಅವರನ್ನು ಕೇಳಿ.